ಅಜ್ಜನ ಕ್ಷೌರದ ಕತ್ತಿ: ಗುಜರಿಗೂ ಬೇಡ, ಶೋಕೇಸಿಗೂ ಬೇಡ

ಹಳೆ ಮನೆ ಬಿಚ್ಚುವಾಗ, ಇಲ್ಲವೇ ಪಾಲು ಮುಗಿದು ಹಿರಿಯರ ಮರದ ಪೆಟ್ಟಿಗೆ ತೆರೆಯುವಾಗ ಕೆಲವು ಮನೆಗಳಲ್ಲಿ ಮಡಚುವ ಕ್ಷೌರದ ಕತ್ತಿ ಸಿಗುವುದುಂಟು. ಮಿಲಿಟರಿಗೆ ಹೋಗಿ ಬಂದವರು, ಮದ್ರಾಸು-ಬೊಂಬಾಯಿ ಕಂಡವರು ಸ್ವಂತಕ್ಕೆಂದು ತಂದಿಟ್ಟುಕೊಂಡದ್ದು. ಕ್ಷೌರಿಕರ ಮನೆಯಾದರೆ ಎರಡು ಮೂರು ತಲೆಮಾರಿಗೆ ಅನ್ನ ಕೊಟ್ಟ ಹತ್ಯಾರು. ಸಿಕ್ಕಿದ ಮೇಲೆ ಅದಕ್ಕೆ ಎರಡೇ ಗತಿ. ಒಂದೋ ಹಳೆ ಕಬ್ಬಿಣದ ಜತೆ ತೂಕಕ್ಕೆ ಹೋಗುತ್ತದೆ. ಇಲ್ಲವೇ ಪೇಟೆಯಲ್ಲಿರುವ ಮಗ ಬಂದು ‘ಆಂಟಿಕ್’ ಎಂದು ಒಯ್ದು ಗಾಜಿನ ಕಪಾಟಿನಲ್ಲಿಡುತ್ತಾನೆ.

ಎರಡೂ ಸರಿಯಲ್ಲ ಎನ್ನುವುದು ನನ್ನ ಅಭಿಪ್ರಾಯ. ಸರಿಮಾಡಲಿಕ್ಕೆ ಆಗುವಂಥದ್ದಾದರೆ ಸರಿಮಾಡಿ ಬಳಸಬೇಕು. ಆಗದಿದ್ದರೆ ಮಾತ್ರ ನೆನಪಿಗೆ ಇಟ್ಟುಕೊಳ್ಳಬೇಕು. ಇದನ್ನು ಕೃಷಿ ಪತ್ರಿಕೆಯಲ್ಲಿ ಬರೆಯುವುದು ಎಂತಕ್ಕೆ ಎಂದು ಕೇಳಬಹುದು. ಕಾರಣ ಇದೆ. ಹತ್ಯಾರು ಹರಿತ ಮಾಡುವ ವಿದ್ಯೆ ನಮ್ಮ ಮನೆಗಳಿಂದ ಸದ್ದಿಲ್ಲದೆ ಹೊರಟುಹೋಗುತ್ತಿದೆ. ಆ ವಿದ್ಯೆಯನ್ನು ಮತ್ತೆ ಕೈಗೆ ತರಲಿಕ್ಕೆ ಈ ಕತ್ತಿಯಷ್ಟು ಒಳ್ಳೆ ಮೇಷ್ಟ್ರು ಬೇರೆ ಇಲ್ಲ. ನಮ್ಮ ಅಜ್ಜನ ಕತ್ತಿಯನ್ನು ಕಳೆದ ಮಳೆಗಾಲದ ಬಿಡುವಿನಲ್ಲಿ ಸರಿಮಾಡಿ, ಈಗ ವಾರಕ್ಕೆರಡು ಸಲ ಬಳಸುತ್ತಿದ್ದೇನೆ. ಆ ಅನುಭವದಿಂದಲೇ ಈ ಮಾತು.

ಕತ್ತಿ ಎಲ್ಲಿಂದ ಬಂತು?

ಬಾಲದ ಬುಡವನ್ನು ಬಟ್ಟೆಯಿಂದ ಒರೆಸಿ ನೋಡಿ. ಹೆಚ್ಚಾಗಿ ಎರಡು ಊರಿನ ಹೆಸರಲ್ಲಿ ಒಂದು ಕಾಣುತ್ತದೆ: ಇಂಗ್ಲೆಂಡಿನ ಶೆಫೀಲ್ಡ್ ಅಥವಾ ಜರ್ಮನಿಯ ಸೋಲಿಂಗನ್. ಎರಡೂ ಕತ್ತಿ-ಚೂರಿಗೆ ಹೆಸರಾದ ಊರುಗಳು. ಇವರೊಳಗೆ ಪೈಪೋಟಿ ಎಷ್ಟಿತ್ತೆಂದರೆ, ಜರ್ಮನಿಯ ಮಾಲು ಶೆಫೀಲ್ಡಿನ ಹೆಸರು ಹಾಕಿಕೊಂಡು ಬರುತ್ತದೆಂದು ಶೆಫೀಲ್ಡಿನವರು ಗಲಾಟೆ ಮಾಡಿದರು. 1887ರಲ್ಲಿ ಬ್ರಿಟನ್ ಸರಕಾರ ಹೊರಗಿನ ಮಾಲಿನ ಸುಳ್ಳು ಗುರುತಿನ ವಿರುದ್ಧ ಕಾಯಿದೆಯನ್ನೇ ತಂದಿತು. ‘ಮೇಡ್ ಇನ್ ಜರ್ಮನಿ’ ಎಂಬ ಬರಹ ಎಲ್ಲೆಡೆ ಕಾಣಿಸಿಕೊಂಡದ್ದು ಆ ಮೇಲೆ.

ಇದರಲ್ಲಿ ನಮ್ಮ ಪಾಲೂ ಇದೆ. 18ನೇ ಶತಮಾನದ ಕೊನೆಗೆ ದಕ್ಷಿಣ ಭಾರತದ ಮೂಸೆ ಉಕ್ಕಿನ ಗಟ್ಟಿಗಳು ಲಂಡನ್ ತಲುಪಿದ್ದವು. ಅಲ್ಲಿಯವರು ಅದನ್ನು ‘ವೂಟ್ಸ್’ ಎಂದು ಕರೆದರು. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿದ್ದು ಎನ್ನುತ್ತಾರೆ ತಿಳಿದವರು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ಮಾಡುತ್ತಿದ್ದ ಕ್ರಮವನ್ನು ಬರೆದಿಟ್ಟಿದ್ದಾನೆ. ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕನ್ನು ಮೆಚ್ಚಿ ಬಳಸಿದವನು. ಮುಂದೆ ವಿದ್ಯುತ್ತಿನ ಸಂಶೋಧನೆಗೆ ಪ್ರಸಿದ್ಧನಾದ ಮೈಕೆಲ್ ಫ್ಯಾರಡೆ ಇವನ ಜತೆ ಸೇರಿ ವೂಟ್ಸನ್ನು ಪರೀಕ್ಷಿಸಿದ, ಉಕ್ಕಿಗೆ ಬೇರೆ ಲೋಹ ಬೆರೆಸಿ ನೋಡಿದ, 1820ರಲ್ಲಿ ಅದನ್ನು ಪ್ರಕಟಿಸಿದ. ಆ ಬೆರಕೆ ಉಕ್ಕಿನ ಕ್ಷೌರದ ಕತ್ತಿಗಳನ್ನು ಸ್ನೇಹಿತರಿಗೆ ಉಡುಗೊರೆಯಾಗಿ ಕೊಟ್ಟ. ಉಕ್ಕಿನ ವಿಷಯದಲ್ಲಿ ನಾವು ಏನೂ ಗೊತ್ತಿಲ್ಲದವರಾಗಿರಲಿಲ್ಲ ಎನ್ನಲಿಕ್ಕೆ ಇಷ್ಟು ಸಾಕು.

ಹರಿತ ಕೈ ಬಿಟ್ಟು ಹೋದ ಬಗೆ

ಅಮೆರಿಕದ ಕಿಂಗ್ ಜಿಲೆಟ್ ಎಂಬವನು ತೆಳು ಬ್ಲೇಡಿನ ಸೇಫ್ಟಿ ರೇಜರನ್ನು ಮಾರುಕಟ್ಟೆಗೆ ತಂದದ್ದು 1903ರಲ್ಲಿ. ಆ ವರ್ಷ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಮರು ವರ್ಷ ಪೇಟೆಂಟ್ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆಲ್ಲ ಇದನ್ನೇ ಕೊಟ್ಟರು. ಯುದ್ಧ ಮುಗಿಸಿ ಮನೆಗೆ ಬಂದವರು ಮತ್ತೆ ಹಳೆ ಕತ್ತಿ ಮುಟ್ಟಲಿಲ್ಲ. 1975ರಲ್ಲಿ ಬಿಕ್ ಕಂಪೆನಿ ಪೂರಾ ಎಸೆಯುವ ಪ್ಲಾಸ್ಟಿಕ್ ರೇಜರು ತಂದಿತು.

ಇದರಿಂದ ಅನುಕೂಲ ಆಗಿದೆ, ಇಲ್ಲ ಎನ್ನುವುದಿಲ್ಲ. ಅವಸರದವರು, ಕೈ ನಡುಗುವವರು ಹೆದರದೆ ಗಡ್ಡ ತೆಗೆಯುವಂತಾಯಿತು. ಆದರೆ ಮೊದಲು ಹರಿತ ಮಾಡುವುದು ಬಳಸುವವನ ಕೈಯಲ್ಲಿತ್ತು. ಆಮೇಲೆ ಹರಿತವನ್ನು ಅಂಗಡಿಯಿಂದ ತರುವಂತಾಯಿತು. ಮೊಂಡಾದರೆ ಮಸೆಯುವುದಲ್ಲ, ಬಿಸಾಡುವುದು.

ನಮ್ಮ ತೋಟದಲ್ಲೂ ಆದದ್ದು ಇದೇ ಅಲ್ವಾ? ಹುಲ್ಲು ಕೊಯ್ಯಲು ಹಲ್ಲಿನ ಕತ್ತಿ ಬಂತು, ಹಲ್ಲು ಸವೆದರೆ ಹೊಸತು. ಕಳೆ ಯಂತ್ರದ ಬ್ಲೇಡು ಮೊಂಡಾದರೆ ಹೊಸತು. ಕಸಿ ಕಟ್ಟುವಲ್ಲಿಯೂ ಚಾಕು ಹೋಗಿ ಅರ್ಧ ಬ್ಲೇಡು ಬಂತು. ಮೊದಲು ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮುನ್ನ ಐದು ನಿಮಿಷ ಕತ್ತಿ ಮಸೆಯುವುದು ರೂಢಿ. ಈಗ ಎಷ್ಟು ಮನೆಗಳಲ್ಲಿ ಒಳ್ಳೆ ಮಸೆಗಲ್ಲು ಇದೆ? ಮೊಂಡು ಕತ್ತಿ ಹಿಡಿದು ಒಂದು ದಿನ ಸೊಪ್ಪು ಕಡಿದವರಿಗೆ ಗೊತ್ತು, ಸಂಬಳ ಅಷ್ಟೇ, ಕೆಲಸ ಅರ್ಧ, ರಟ್ಟೆ ನೋವು ಎರಡರಷ್ಟು.

ಮೊದಲು ಪರೀಕ್ಷೆ, ಮತ್ತೆ ಕೆಲಸ

ಸಿಕ್ಕಿದ ಎಲ್ಲ ಕತ್ತಿಯೂ ಕೆಲಸಕ್ಕೆ ಬರುವುದಿಲ್ಲ. ನುಸಿ ನೋಡಲು ನಾವು ಇಟ್ಟುಕೊಂಡಿರುವ ಹತ್ತು ಪಟ್ಟಿನ ಮಸೂರವನ್ನೇ ತೆಗೆದುಕೊಂಡು ಬಾಯಿಯ ಉದ್ದಕ್ಕೂ ನೋಡಿ. ಬೆನ್ನಿನ ಹತ್ತಿರ ತುಕ್ಕಿನ ಗುಳಿ ಇದ್ದರೆ ಚಿಂತೆಯಿಲ್ಲ. ಬಾಯಿಯ ಅಂಚಿನಲ್ಲೇ ಆಳದ ಗುಳಿಗಳಿದ್ದರೆ ಎಷ್ಟು ಮಸೆದರೂ ಅಂಚು ಪುಡಿಪುಡಿಯಾಗುತ್ತದೆ. ಬಿರುಕು ಇದ್ದರಂತೂ ಅದು ಮುಖಕ್ಕೆ ಇಡುವ ವಸ್ತುವೇ ಅಲ್ಲ. ಸಣ್ಣ ಮುಕ್ಕು ಮಸೆದರೆ ಹೋಗುತ್ತದೆ, ದೊಡ್ಡದಾದರೆ ತಿಳಿದವರಿಗೆ ಕೊಡಬೇಕು.

ಹಿಡಿ ಯಾವುದರದು ಎಂದೂ ನೋಡಿ. ಕೊಂಬು, ಮೂಳೆ, ಮರ ಆದರೆ ಒರೆಸಿ ಎಣ್ಣೆ ಹಚ್ಚಿದರೆ ಆಯಿತು. ಸೆಲ್ಯುಲಾಯ್ಡ್ ಹಿಡಿ ಹಳತಾದಾಗ ಕೆಲವೊಮ್ಮೆ ತಾನೇ ಕೊಳೆಯುತ್ತದೆ. ಆಗ ಅದರಿಂದ ಆಮ್ಲದ ಹಬೆ ಹೊರಟು ಕತ್ತಿಯನ್ನೇ ತಿನ್ನುತ್ತದೆ. ಕರ್ಪೂರದಂತಹ ವಾಸನೆ, ಬಿರುಕು, ಅಂಟು ಕಂಡರೆ ಆ ಹಿಡಿ ತೆಗೆದುಬಿಡಿ. ಬೆಂಕಿಯ ಹತ್ತಿರ ತರಬೇಡಿ, ಭಗ್ಗನೆ ಉರಿಯುತ್ತದೆ. ಹಿತ್ತಾಳೆಯ ಸಪೂರ ಮೊಳೆ ಹಾಕಿ ಗಟ್ಟಿ ಮರದ ಹೊಸ ಹಿಡಿ ಕೂರಿಸುವುದು ನಮ್ಮ ಬಡಗಿಗಳಿಗೆ ಕಷ್ಟದ ಕೆಲಸವಲ್ಲ. ಹಿಡಿ ಆನೆದಂತದ್ದಾದರೆ ಮಾರುವ ಆಸೆ ಬೇಡ. 1972ರ ವನ್ಯಜೀವಿ ಕಾಯಿದೆ, ಅದರ ತಿದ್ದುಪಡಿಗಳ ಪ್ರಕಾರ ದಂತದ ವ್ಯಾಪಾರ ಅಪರಾಧ.

ತುಕ್ಕು ತೆಗೆಯುವಾಗ ಒಂದೇ ಎಚ್ಚರಿಕೆ: ಯಂತ್ರ ಬೇಡ. ಹಳೆ ಕತ್ತಿಗಳು ಇಂಗಾಲ ಹೆಚ್ಚಿರುವ ಉಕ್ಕಿನವು, ಹದ ಮಾಡಿದ್ದು ಹೆಚ್ಚು ಕಡಿಮೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಗ್ರೈಂಡರಿಗೆ ಹಿಡಿದರೆ ತೆಳು ಬಾಯಿ ಕ್ಷಣದಲ್ಲಿ ಅದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ನೀಲಿ ಬಣ್ಣ ಕಂಡಿತೋ, ಹದ ಹೋಯಿತೆಂದೇ ಲೆಕ್ಕ. ಕಮ್ಮಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪೈಂಟರುಗಳು ಬಳಸುವ ವಾಟರ್ ಪೇಪರನ್ನು 600, 1000, 2000 ನಂಬ್ರದ ಕ್ರಮದಲ್ಲಿ, ಎಣ್ಣೆ ಹಾಕಿ ಕೈಯಿಂದಲೇ ಉಜ್ಜಬೇಕು. ಬೆನ್ನಿನಿಂದ ಬಾಯಿಯ ಕಡೆಗೆ ಉಜ್ಜಬೇಕು, ಬಾಯಿಗೆ ಎದುರಾಗಿ ಬೆರಳು ಹೋಗಬಾರದು. ಕೆಂಪು ತುಕ್ಕು ಹೋಗಲೇಬೇಕು. ಕಪ್ಪು ಕಲೆ ಇದ್ದರೆ ಇರಲಿ. ಕನ್ನಡಿಯಂತೆ ಹೊಳೆಯಿಸಲು ಹೋದರೆ ಊರಿನ ಹೆಸರು, ತಯಾರಕನ ಗುರುತು ಎಲ್ಲ ಅಳಿಸಿಹೋಗುತ್ತದೆ. ಅಜ್ಜ ಬಳಸಿದ್ದರ ಗುರುತೂ ಉಳಿಯುವುದಿಲ್ಲ.

ಮಸೆಯುವ ಕ್ರಮ

ಹುಲ್ಲು ಕತ್ತಿ ಮಸೆಯುವ ಒರಟು ಕಲ್ಲು ಇದಕ್ಕೆ ಆಗದು. ನಯವಾದ ನೀರುಕಲ್ಲು ಬೇಕು. ಬಾಯಿ ಕೂರಿಸಲು 1000, ಆಮೇಲೆ 4000, ಕೊನೆಗೆ 8000 ನಂಬ್ರದ್ದು. ಕಲ್ಲು ಸಮತಟ್ಟಾಗಿರಬೇಕು, ನಡು ತಗ್ಗಿರಬಾರದು. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ ಕಲ್ಲನ್ನು ಉಜ್ಜಿದರೆ ಸಮತಟ್ಟಾಗುತ್ತದೆ.

ಈ ಕತ್ತಿಯಲ್ಲಿ ಒಂದು ಜಾಣತನ ಇದೆ. ಹುಲ್ಲು ಕತ್ತಿ ಮಸೆಯುವಾಗ ಎಷ್ಟು ಓರೆ ಹಿಡಿಯಬೇಕೆಂಬುದು ಕೈ ಅಂದಾಜು. ಇಲ್ಲಿ ಹಾಗಲ್ಲ. ಕತ್ತಿಯನ್ನು ಕಲ್ಲಿನ ಮೇಲೆ ಅಂಗಾತ ಮಲಗಿಸಿದರೆ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗುತ್ತವೆ. ಬೆನ್ನಿನ ದಪ್ಪವೇ ಓರೆಯನ್ನು ನಿಗದಿ ಮಾಡುತ್ತದೆ, ಒಟ್ಟು ಸುಮಾರು 16-17 ಡಿಗ್ರಿ. ಬೆನ್ನು ಎತ್ತದಿದ್ದರೆ ಸರಿ. ಬಾಯಿ ಮುಂದಾಗಿ ದೂಡುವುದು, ಕಲ್ಲಿನ ಕೊನೆಯಲ್ಲಿ ಬೆನ್ನಿನ ಮೇಲೆಯೇ ಮಗುಚಿ ಹಿಂದಕ್ಕೆ ತರುವುದು.

ನಮ್ಮೂರಿನ ಹಿರಿಯ ಕ್ಷೌರಿಕರೊಬ್ಬರು ಅಂಗಡಿ ಮುಚ್ಚಿ ಮನೆಯಲ್ಲಿದ್ದಾರೆ. ಎರಡು ಸಂಜೆ ಅವರ ಜಗಲಿಯಲ್ಲಿ ಕೂತು ಕಲಿತೆ. “ಒತ್ತಬೇಡಿ. ಕತ್ತಿಯ ಭಾರ ಎಷ್ಟಿದೆಯೋ ಅಷ್ಟೇ ಸಾಕು. ಕಲ್ಲಿನ ಸದ್ದು ಬದಲಾಗ್ತದೆ, ಅದನ್ನು ಕೇಳಿ” ಅಂದರು. ಒರಟು ಕೆರೆತದ ಸದ್ದು ನಿಧಾನಕ್ಕೆ ನಯವಾಗುವುದು ನಿಜ. ಕಿವಿ ಕೊಡಬೇಕಷ್ಟೆ.

ಕಲ್ಲಿನ ಕೆಲಸ ಒಮ್ಮೆ ಸರಿಯಾಗಿ ಆದರೆ ತಿಂಗಳುಗಟ್ಟಲೆ ಬೇಡ. ಪ್ರತಿ ಸಲ ಬಳಸುವ ಮುನ್ನ ಚರ್ಮದ ಪಟ್ಟಿಯ ಮೇಲೆ ನಲವತ್ತು ಐವತ್ತು ಸಲ ಎಳೆದರೆ ಸಾಕು. ಇಲ್ಲಿ ದಿಕ್ಕು ತಿರುಗಾಮುರುಗಾ, ಬೆನ್ನು ಮುಂದೆ, ಬಾಯಿ ಹಿಂದೆ. ಚಿತ್ತಾರವಿಲ್ಲದ, ಬಣ್ಣ ಬಳಿಯದ ಎರಡು ಇಂಚು ಅಗಲದ ಹಳೆ ಚರ್ಮದ ಬೆಲ್ಟು ಕಲಿಯಲಿಕ್ಕೆ ಸಾಕಾಗುತ್ತದೆ. ಕರಾವಳಿಯಲ್ಲಿ ಮೂರ್ತೆದಾರರು ಮರದ ಹಲಗೆಗೆ ಬೆಣಚುಕಲ್ಲಿನ ಪುಡಿ ಸವರಿ ಕತ್ತಿ ಎಳೆಯುವುದನ್ನು ನೋಡಿದ್ದೀರಲ್ಲ, ಮೂಲ ತತ್ವ ಅದೇ.

ಗೊತ್ತಿದ್ದವರಿಗೆ ಮರ್ಯಾದೆ ಕೊಟ್ಟೆವಾ?

ಈ ವಿದ್ಯೆ ನಮ್ಮಲ್ಲಿ ಪೂರ್ಣವಾಗಿ ಗೊತ್ತಿದ್ದದ್ದು ಕ್ಷೌರಿಕರಿಗೆ. ಹಳೆ ಆಯಗಾರ ಪದ್ಧತಿಯ ಹನ್ನೆರಡು ಮಂದಿಯಲ್ಲಿ ಅವರೂ ಒಬ್ಬರು. ವರ್ಷಾವಧಿ ಊರಿನ ಗಡ್ಡ-ತಲೆ ನೋಡಿಕೊಂಡು, ಸುಗ್ಗಿಯಲ್ಲಿ ಕಣದಿಂದ ಕೊಟ್ಟಷ್ಟು ಕಾಳು ಒಯ್ಯುತ್ತಿದ್ದರು. ಅವರ ಕಸುಬಿನ ಹೆಸರನ್ನೇ ನಾವು ಬೈಗುಳ ಮಾಡಿದೆವು. ಅವರ ಮಕ್ಕಳು ಆ ಕೆಲಸ ಬಿಟ್ಟು ಹೋದರೆ ಆಶ್ಚರ್ಯ ಏನಿದೆ? ಕಮ್ಮಾರ ಸಾಲೆ ಮುಚ್ಚಿದ್ದಕ್ಕೆ ಈಗ ಮರುಗುತ್ತೇವೆ. ಅಂಗಳದ ಆಚೆ ಕೂರಿಸಿ ಕೆಲಸ ಮಾಡಿಸಿಕೊಂಡದ್ದು ಮರೆತುಬಿಡುತ್ತೇವೆ.

ಹಾಗಾಗಿ ನನ್ನ ಸಲಹೆ ಇಷ್ಟೆ. ನಿಮ್ಮೂರಲ್ಲಿ ಈ ಕೈಕೆಲಸ ಗೊತ್ತಿರುವ ಹಿರಿಯರಿದ್ದರೆ ಅವರಲ್ಲಿಗೆ ನೀವೇ ಹೋಗಿ. ಕಲಿಸಿದ್ದಕ್ಕೆ ಸಂಬಳ ಕೊಡಿ. ‘ಸ್ವಲ್ಪ ನೋಡಿಕೊಡಿ ಮಾರಾಯ್ರೆ’ ಎಂದು ಪುಕ್ಕಟೆ ಮಾಡಿಸಿಕೊಳ್ಳುವುದು ಬೇಡ. ಗಿಡ ಕಸಿ ಕಟ್ಟುವವರಿಗೆ ದಿನಕ್ಕಿಷ್ಟು ಎಂದು ಕೊಡುವುದಿಲ್ಲವೇ?

ಗಡ್ಡಕ್ಕೆ ಇಡುವ ಮುನ್ನ

ಇಲ್ಲಿ ಧೈರ್ಯಕ್ಕಿಂತ ತಾಳ್ಮೆ ಮುಖ್ಯ. ಸ್ನಾನ ಮಾಡಿ, ಇಲ್ಲವೇ ಬಿಸಿನೀರಿನಲ್ಲಿ ಅದ್ದಿದ ಬೈರಾಸನ್ನು ಎರಡು ನಿಮಿಷ ಮುಖಕ್ಕಿಟ್ಟು ಗಡ್ಡ ಮೆತ್ತಗಾಗಿಸಿ. ಬ್ರಶ್ಶಿನಿಂದ ಸೋಪಿನ ನೊರೆ ದಪ್ಪಕ್ಕೆ ಹಚ್ಚಿ. ಚರ್ಮವನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಎಳೆದು ಹಿಡಿಯಿರಿ. ಕತ್ತಿಯನ್ನು ಸುಮಾರು 30 ಡಿಗ್ರಿ ಓರೆಯಲ್ಲಿ, ಕೂದಲು ಬೆಳೆದ ದಿಕ್ಕಿನಲ್ಲೇ, ಸಣ್ಣ ಸಣ್ಣ ಎಳೆತದಲ್ಲಿ ಇಳಿಸಿ. ಅಡ್ಡಕ್ಕೆ ಒಂದು ಕೂದಲೆಳೆಯಷ್ಟೂ ಸರಿಯಬಾರದು. ಮೊದಲ ಎರಡು ವಾರ ಕೆನ್ನೆ ಮಾತ್ರ. ಗದ್ದ, ಮೀಸೆಯ ಜಾಗ, ಗಂಟಲು ಇವೆಲ್ಲ ಕೈ ಪಳಗಿದ ಮೇಲೆ. ಉಳಿದದ್ದನ್ನು ಮಾಮೂಲಿ ರೇಜರಿನಲ್ಲಿ ಮುಗಿಸಿದರೆ ಮರ್ಯಾದೆ ಏನೂ ಹೋಗುವುದಿಲ್ಲ.

ಕತ್ತಿ ಜಾರಿದರೆ ಹಿಡಿಯಲು ಹೋಗಬೇಡಿ, ಬೀಳಲಿ, ಕಾಲು ಹಿಂದೆ ತೆಗೆಯಿರಿ. ಕರೆಂಟು ಕಣ್ಣುಮುಚ್ಚಾಲೆ ಆಡುವ ಹೊತ್ತಿನಲ್ಲಿ ಬೇಡ. ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಗಾಯ ಬೇಗ ಮಾಯದ ಸಕ್ಕರೆ ಕಾಯಿಲೆಯವರು, ಕೈ ನಡುಗುವವರು ಈ ಸಾಹಸಕ್ಕೆ ಇಳಿಯುವುದೇ ಬೇಡ.

ಇನ್ನೊಂದು ಕಟ್ಟುನಿಟ್ಟಿನ ಮಾತು: ಒಂದು ಕತ್ತಿ, ಒಂದು ಮುಖ. ಅಪ್ಪ ಮಗ ಆದರೂ ಹಂಚಿಕೊಳ್ಳಬಾರದು. ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ. ಆಮೇಲೆ ಊರ ಸೆಲೂನುಗಳಲ್ಲಿ ಹಳೆ ಕತ್ತಿ ಹೋಗಿ, ಪ್ರತಿ ಗಿರಾಕಿಗೂ ಹೊಸ ಅರ್ಧ ಬ್ಲೇಡು ಹಾಕುವ ಕ್ರಮ ಬಂತು. ಅದು ಒಳ್ಳೆಯದೇ ಆಯಿತು, ಸೆಲೂನಿಗೆ ಹಳೆ ಕತ್ತಿ ಮರಳಿ ಬರಬೇಕೆಂದು ನಾನು ಹೇಳುತ್ತಿಲ್ಲ. ಎಚ್‌ಐವಿಗಿಂತ ಹೆಪಟೈಟಿಸ್ ಬಿಯ ಹೆದರಿಕೆ ಇಲ್ಲಿ ದೊಡ್ಡದು. ಆ ವೈರಸ್ ಮೈಯಿಂದ ಹೊರಗೆ ಕಡಿಮೆಯೆಂದರೂ ಏಳು ದಿನ ಬದುಕಿರಬಲ್ಲದು. ಹಳೆ ಕತ್ತಿಯನ್ನು ಮೊದಲ ಸಲ ಬಳಸುವ ಮುನ್ನ ಸೋಪು ನೀರಿನಲ್ಲಿ ತೊಳೆದು, ಮೆಡಿಕಲ್ ಅಂಗಡಿಯ ಸ್ಪಿರಿಟಿನಿಂದ ಚೆನ್ನಾಗಿ ಒರೆಸಿ. ಬಳಸಿದ ಮೇಲೆ ಪೂರಾ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯ ತೆಳು ಲೇಪ ಕೊಡಿ. ನಮ್ಮ ಮಳೆಗಾಲದಲ್ಲಿ ಬಚ್ಚಲಲ್ಲಿ ಬಿಟ್ಟರೆ ಬೆಳಗಾಗುವಾಗ ತುಕ್ಕು.

ಲಾಭದ ಲೆಕ್ಕ

‘ಇದು ಬರೀ ಶೋಕಿ, ಎರಡು ರೂಪಾಯಿಯ ಬ್ಲೇಡಿಲ್ವಾ?’ ಎಂದು ಗೆಳೆಯರು ನಗುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಕೈಯಲ್ಲಿ ಕತ್ತಿ ಇದ್ದರೂ ಒಳ್ಳೆ ಕಲ್ಲುಗಳಿಗೆ ಸಾವಿರಗಟ್ಟಲೆ ಬೀಳುತ್ತದೆ. ಬರೀ ದುಡ್ಡು ಉಳಿಸಲೆಂದು ಇದಕ್ಕೆ ಇಳಿಯಬೇಡಿ. ನಾಲ್ಕು ಮನೆಯವರು ಸೇರಿ ಒಂದು ಜತೆ ಕಲ್ಲು ತಂದರೆ ಭಾರವಾಗದು, ಕಲ್ಲನ್ನು ಹಂಚಿಕೊಳ್ಳಲಿಕ್ಕೆ ಅಡ್ಡಿಯಿಲ್ಲ. ಹಳೆ ಕತ್ತಿ ಇಲ್ಲದವರು, ಸಮಯ ಇಲ್ಲದವರು ಲೋಹದ ಸೇಫ್ಟಿ ರೇಜರು ಇಟ್ಟುಕೊಂಡು ಬ್ಲೇಡು ಮಾತ್ರ ಬದಲಾಯಿಸಿದರೂ ಒಳ್ಳೆಯದೇ.

ಪ್ಲಾಸ್ಟಿಕ್ ರೇಜರಿನ ಲೆಕ್ಕವನ್ನೂ ಹಾಕಿ. ವಾರಕ್ಕೊಂದರಂತೆ ವರ್ಷಕ್ಕೆ 52. ಮನೆಯಲ್ಲಿ ಮೂವರು ಗಂಡಸರಿದ್ದರೆ 156. ಪೇಟೆಯವರಿಗೆ ಕಸದ ಗಾಡಿ ಬರುತ್ತದೆ. ನಮ್ಮಲ್ಲಿ ಅದು ಹೋಗುವುದು ಬಚ್ಚಲ ಒಲೆಗೆ, ಇಲ್ಲವೇ ತೆಂಗಿನ ಬುಡಕ್ಕೆ. ಸುಟ್ಟರೆ ಆ ಹೊಗೆ ಮನೆಯವರೇ ಕುಡಿಯಬೇಕು. ಬುಡಕ್ಕೆ ಎಸೆದರೆ ಮುಂದೊಂದು ದಿನ ಗೊಬ್ಬರ ಹಾಕುವವರ ಬೆರಳಿಗೆ ಅದು ಸಿಗುತ್ತದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಲ್ಲಿ ನಿಷೇಧ ಬಂತು. ಆ ಪಟ್ಟಿಯಲ್ಲಿ ರೇಜರು ಇರಲಿಲ್ಲ. ಕಾನೂನು ಬರಲಿ ಎಂದು ಕಾಯುವ ಅಗತ್ಯ ನಮಗಿಲ್ಲ.

ನನಗೆ ದೊಡ್ಡ ಲಾಭ ಕಂಡದ್ದು ಬೇರೆ ಕಡೆ. ಕ್ಷೌರದ ಕತ್ತಿ ಮಸೆದ ಕೈಗೆ ಕಸಿ ಚಾಕು ಮಸೆಯುವುದು ಸಲೀಸಾಯಿತು. ಗೇರು, ಮಾವಿನ ಕಸಿಯಲ್ಲಿ ತೊಗಟೆಯ ಕೆಳಗಿನ ಹಸಿ ಪದರಗಳು ಒಂದಕ್ಕೊಂದು ಕೂಡಬೇಕು. ಕೊಯ್ತ ಒಂದೇ ಎಳೆತದಲ್ಲಿ ನಯವಾಗಿ ಬಂದರೆ ಅವು ಚೆನ್ನಾಗಿ ಕೂತುಕೊಳ್ಳುತ್ತವೆ. ಜಜ್ಜಿದ, ಅಲೆ ಅಲೆಯಾದ ಕೊಯ್ತದಲ್ಲಿ ನಡುವೆ ಸಂದು ಬಿದ್ದು ಕಡ್ಡಿ ಒಣಗುತ್ತದೆ. ಕಾಳುಮೆಣಸಿನ ಬಳ್ಳಿ ಕತ್ತರಿಸುವಾಗಲೂ, ಗೆಲ್ಲು ಸವರುವಾಗಲೂ ಹಾಗೆಯೇ, ನಯವಾದ ಗಾಯ ಬೇಗ ಮಾಯುತ್ತದೆ. ಕ್ಷೌರದ ಕತ್ತಿಯನ್ನೇ ಗಿಡಕ್ಕೆ ಹಾಕಬೇಡಿ, ಅದರ ಬಾಯಿ ಅಷ್ಟು ಗಟ್ಟಿ ಕೆಲಸಕ್ಕಲ್ಲ. ಅದರಿಂದ ಕಲಿತದ್ದನ್ನು ಚಾಕುವಿಗೆ ಹಾಕಿ. ನಮ್ಮ ಮನೆಯಲ್ಲಿ ಈಗ ತರಕಾರಿ ಕೊಯ್ಯುವ ಮೆಟ್ಟುಕತ್ತಿಯೂ ಕಲ್ಲಿಗೆ ಬರುತ್ತದೆ. ಮನೆಯಾಕೆಗೆ ನನ್ನ ಈ ಹುಚ್ಚು ಒಪ್ಪಿಗೆಯಾದದ್ದು ಆಮೇಲೆಯೇ!

ಈ ಮಳೆಗಾಲದಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಅಟ್ಟ, ಪೆಟ್ಟಿಗೆ ಹುಡುಕಿ. ಕತ್ತಿ ಸಿಕ್ಕಿದರೆ ಗುಜರಿಯವನ ಸೈಕಲ್ಲಿಗೆ ಹಾಕುವ ಮುನ್ನ ಮಸೂರ ಹಿಡಿದು ಒಮ್ಮೆ ನೋಡಿ. ಸಿಗದಿದ್ದರೂ ಒಂದು ಒಳ್ಳೆ ಕಲ್ಲು ತಂದು ಮನೆಯ ಮಕ್ಕಳಿಗೆ ಮಸೆಯಲು ಕಲಿಸಿ, ಮೊದಲು ಹುಲ್ಲು ಕತ್ತಿಯಿಂದ ಶುರುಮಾಡಿ. ಮಸೆಯುವ ವಿಧಾನ, ಸ್ಥಳೀಯ ಕಲ್ಲು, ಪುಡಿ ಇತ್ಯಾದಿ ಗೊತ್ತಿರುವವರು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಕಲಿಸಿದ ಹಿರಿಯರು ನಿಮ್ಮೂರಲ್ಲಿ ಇನ್ನೂ ಇದ್ದರೆ, ಅವರನ್ನು ಕೇಳಿ ಬರೆಯುವ ಕೆಲಸವನ್ನು ಮುಂದಿನ ವರ್ಷಕ್ಕೆ ಇಡಬೇಡಿ.